ಒಗೆದರೂ ಹೋಗದ ಊದಿನ ಅತ್ತರು

ಯಲಬುರ್ಗಾದ ಅಗಸರ ಪಕ್ಕೀರವ್ವನಿಗೆ ಊರವರ ಮುಖ ನೋಡುವ ಅಗತ್ಯವೇ ಇರಲಿಲ್ಲ. ಬಟ್ಟೆಯ ಗಂಟು ಬಿಚ್ಚಿದರೆ ಸಾಕು, ಇದು ಯಾರ ಮನೆಯದು, ನಿನ್ನೆ ಆ ಮನೆಯಲ್ಲಿ ಏನು ಅಡುಗೆಯಾಗಿತ್ತು, ಯಾರು ಜ್ವರದಲ್ಲಿ ಮಲಗಿದ್ದರು ಎಂಬುದನ್ನೆಲ್ಲ ಮೂಗೇ ಹೇಳಿಬಿಡುತ್ತಿತ್ತು. ಗಾಣಿಗರ ಧೋತರದಲ್ಲಿ ಕುಸುಬೆ ಎಣ್ಣೆಯ ಜಿಡ್ಡು, ಕಿರಾಣಿ ಅಂಗಡಿಯವನ ಅಂಗಿಯಲ್ಲಿ ಒಣಮೆಣಸಿನಕಾಯಿಯ ಘಾಟು, ಪೂಜಾರಿಯ ಮಡಿಯಲ್ಲಿ ವಿಭೂತಿ, ಕರ್ಪೂರ. ಬಾಣಂತಿಯ ಬಟ್ಟೆ, ಹೆಣಕ್ಕೆ ಹೊದಿಸಿದ ಬಟ್ಟೆ, ವಾಂತಿಭೇದಿಯಾದವರ ಹಾಸಿಗೆ, ಯಾವುದಕ್ಕೂ ಆಕೆ ಮೂಗು ಮುರಿದವಳಲ್ಲ. ಮೈ ಎಂದಮೇಲೆ ಅದರ ಹೊಲಸು ಇದ್ದೇ ಇರುತ್ತದೆ, ಅದಕ್ಕೆ ಅಸಹ್ಯಪಟ್ಟರೆ ತನ್ನ ಅನ್ನಕ್ಕೇ ಅಸಹ್ಯಪಟ್ಟಂತೆ ಎಂದುಕೊಂಡಿದ್ದಳು.

ಇಂಥ ಹೆಂಗಸು ಮೂಗು ಮುರಿಯುತ್ತಿದ್ದದ್ದು ಒಂದೇ ಒಂದಕ್ಕೆ. ಹೇಮಪ್ಪ ಗುತ್ತೇದಾರನ ಅತ್ತರಿಗೆ.

ಹೇಮಪ್ಪ ಸಿಂದಿ ಗುತ್ತಿಗೆಯವನು. ಅದು ಜಾಗೀರಿನ ಕಾಲ. ಸುತ್ತಲ ಹಳ್ಳಿಗಳ ಈಚಲ ಮರಗಳಿಂದ ಇಳಿದ ಸಿಂದಿಯೆಲ್ಲ ಅವನ ಕೈಮೇಲೆಯೇ ಹಾಯಬೇಕು. ದಿನವಿಡೀ ಹುಳಿಸಿಂದಿಯ ಪೀಪಾಯಿಗಳ ನಡುವೆ ಓಡಾಡುವ ಮನುಷ್ಯನಿಂದ ಹುಳಿಸಿಂದಿಯ ವಾಸನೆ ಬರುವುದು ನ್ಯಾಯವೇ. ಮೊದಮೊದಲು ಬರುತ್ತಲೂ ಇತ್ತು. ಒಮ್ಮೆ ಗುತ್ತಿಗೆಯ ಹರಾಜಿಗೆಂದು ಹೈದರಾಬಾದಿಗೆ ಹೋದವನು ಅಲ್ಲಿ ಯಾವನೋ ದೊಡ್ಡ ಮನುಷ್ಯನ ಪಕ್ಕ ಕೂತ. ಆ ದೊಡ್ಡ ಮನುಷ್ಯ ಕರವಸ್ತ್ರ ತೆಗೆದು ಮೂಗಿಗೆ ಹಿಡಿದ. ಇವನಿಗೆ ಮೈಯೆಲ್ಲ ಉರಿಯಿತು. ಬರುವಾಗ ಮೂರು ಶೇರವಾನಿ, ಒಂದು ರೂಮಿ ಟೊಪ್ಪಿಗೆ, ಒಂದು ಬುಡ್ಡಿ ಊದಿನ ಅತ್ತರು ತಂದ. ಕಿವಿಯ ಹಿಂದೆ ಒಂದು ಹನಿ ಮುಟ್ಟಿಸಿಕೊಳ್ಳಬೇಕಾದ ಅತ್ತರನ್ನು ಈ ಪುಣ್ಯಾತ್ಮ ಕೊರಳಿಗೆ, ಕಂಕುಳಿಗೆ, ಶೇರವಾನಿಯ ಒಳಮಡಿಕೆಗೆ ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದುಕೊಂಡು ತಿರುಗತೊಡಗಿದ.

ಊರು ಮರುಳಾಯಿತು, ಅದೇ ಸೋಜಿಗ. ಅವನು ಬಜಾರದಲ್ಲಿ ಹಾದುಹೋದರೆ ಅಂಗಡಿಯವರು ತಕ್ಕಡಿ ಬಿಟ್ಟು ಉಸಿರೆಳೆದುಕೊಳ್ಳುತ್ತಿದ್ದರು. "ಗುತ್ತೇದಾರರು ಹ್ವಾದ್ರು, ವಾಸನಿ ಇನ್ನೂ ಇಲ್ಲೇ ನಿಂತೈತಿ ನೋಡ್ರಿ" ಎಂದು ಮೆಚ್ಚಿಕೊಳ್ಳುತ್ತಿದ್ದರು. ಅಳತೆಯಲ್ಲಿ ಮೋಸ ಮಾಡಿ ಸಿಂದಿಗೆ ನೀರು ಬೆರೆಸುವ ಮನುಷ್ಯ ಒಂದು ಬುಡ್ಡಿಯ ದೆಸೆಯಿಂದ ದೊಡ್ಡ ಮನೆತನದ ಖಾನದಾನಿಯಾಗಿಬಿಟ್ಟ. ಇದನ್ನು ಕೇಳಿದರೆ ಪಕ್ಕೀರವ್ವನಿಗೆ ರೇಗುತ್ತಿತ್ತು. ಹಾದುಹೋಗುವವನ ಹಿಂದೆ ಉಸಿರೆಳೆಯುವವರಿಗೇನು ಗೊತ್ತು? ಅವನ ಗಂಟು ಬಿಚ್ಚುವವಳು ಅವಳು. ಬಿಚ್ಚಿದ ಕೂಡಲೇ ಮಳೆಯಲ್ಲಿ ನೆಂದ ಆಡಿನ ರೊಪ್ಪದಂಥ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಆಮೇಲೆ ಕಹಿ ಕಷಾಯದ ಬೇರಿನದು. ಆಮೇಲೆ ಒಂಥರಾ ಅಂಟುಸಿಹಿ, ಗಂಟಲಿಗೆ ಹತ್ತಿಕೊಂಡರೆ ಬಿಡದು. ಎಲ್ಲದರ ತಳದಲ್ಲಿ ಅದೇ ಹುಳಿಸಿಂದಿ, ಅದೇ ಹಳೇ ಬೆವರು. ಮುಚ್ಚಿಡಲು ಹಚ್ಚಿಕೊಂಡದ್ದು ಮುಚ್ಚುತ್ತಿರಲಿಲ್ಲ, ಜೊತೆಗೂಡಿ ಇನ್ನಷ್ಟು ನಾರುತ್ತಿತ್ತು.

ಒಗೆತಕ್ಕೂ ಅದು ಬಗ್ಗುತ್ತಿರಲಿಲ್ಲ. ಅಗಸರು ಬಟ್ಟೆಯನ್ನು ಸವಳು ಮಣ್ಣಿನ ನೀರಲ್ಲಿ ಅದ್ದಿ, ದೊಡ್ಡ ಬಾನಿಯ ಮೇಲೆ ಒಂದರ ಮೇಲೊಂದು ಒಟ್ಟಿ, ಕೆಳಗೆ ಉರಿ ಹಾಕಿ ಹಬೆಯಲ್ಲಿ ಬೇಯಿಸುತ್ತಾರೆ. ಅದಕ್ಕೆ ಉಬ್ಬೆ ಹಾಕುವುದು ಎನ್ನುತ್ತಾರೆ. ಗುತ್ತೇದಾರನ ಶೇರವಾನಿ ಮೊದಲ ಸಲ ಉಬ್ಬೆಗೆ ಹೋದ ದಿನ ಅತ್ತರು ಹಬೆಯ ಜೊತೆ ಮೇಲೇರಿ ಇಡೀ ಊರಿನ ಬಟ್ಟೆಗೆ ಹತ್ತಿಕೊಂಡಿತು. ಮರುದಿನ ಪೂಜಾರಿ ಅಂಗಳಕ್ಕೆ ಬಂದು ಎಗರಾಡಿದ. "ನಾ ಗರ್ಭಗುಡಿಗೆ ಹೋದ್ರ ಗುತ್ತೇದಾರ ಒಳಗ ಬಂದಂಗ ಆಗತೈತಲ್ಲ ಪಕ್ಕೀರವ್ವ!" ಕಿರಾಣಿಯವನ ಹೆಂಡತಿ ಮಾತ್ರ ಹಿತ್ತಲ ಬಾಗಿಲಿಂದ ಮೆಲ್ಲಗೆ ಬಂದು, ಮುಂದಿನ ಸಲವೂ ತನ್ನ ಗಂಡನ ಅಂಗಿಯನ್ನು ಅದೇ ಉಬ್ಬೆಗೆ ಹಾಕು ಎಂದು ಹೇಳಿ ಹೋದಳು. ಅಂದಿನಿಂದ ಪಕ್ಕೀರವ್ವ ಗುತ್ತೇದಾರನ ಬಟ್ಟೆಗೆ ಬೇರೆ ಉಬ್ಬೆ ಹಾಕತೊಡಗಿದಳು.

ಸುರುಮ, ಹಣೆಬೊಟ್ಟು, ಅತ್ತರು ಮಾರಿಕೊಂಡು ಮನೆಮನೆ ತಿರುಗುತ್ತಿದ್ದ ಬಾಷಾಬಿ ಪಕ್ಕೀರವ್ವನ ಗೆಳತಿ. ಇಬ್ಬರೂ ಗಂಡನನ್ನು ಕಳೆದುಕೊಂಡವರು. ಮಧ್ಯಾಹ್ನ ಇಸ್ತ್ರಿ ಮಾಡುವ ಹೊತ್ತಿಗೆ ಬಾಷಾಬಿ ಬಂದು ಕಟ್ಟೆಯ ಮೇಲೆ ಪೆಟ್ಟಿಗೆ ಇಳಿಸಿದಳೆಂದರೆ ಎಲೆ ಅಡಿಕೆ ಮುಗಿಯುವವರೆಗೆ ಏಳುತ್ತಿರಲಿಲ್ಲ. ಒಂದು ದಿನ ಕೆಂಡದ ಇಸ್ತ್ರಿ ಪೆಟ್ಟಿಗೆ ತಾಕಿದ ಕೂಡಲೇ ಶೇರವಾನಿಯಿಂದ ಅತ್ತರು ಗಮ್ಮೆಂದು ಎದ್ದಿತು. ಪಕ್ಕೀರವ್ವ ಮುಖ ಸಿಂಡರಿಸಿ ಪಕ್ಕಕ್ಕೆ ಉಗುಳಿದಳು. ಬಾಷಾಬಿ ನಕ್ಕಳು.

"ಬೈಬ್ಯಾಡ ಪಕ್ಕೀರವ್ವ. ಅದು ಊದು. ಭಾಳ ದೂರದ ಅಡವ್ಯಾಗಿನ ಗಿಡ. ಛಲೋ ಇರೋತನಕ ಆ ಗಿಡಕ್ಕ ವಾಸನಿನ ಇಲ್ಲ. ಹುಳ ಕೊರದು, ಗಾಯ ಆಗಿ, ಒಳಗ ಕೊಳತು ಕರ್ರಗ ಆದಾಗ ಗಾಯದಾಗ ಅಂಟು ತುಂಬಕೋತದ. ಆ ಕರೀ ಕಟಿಗೀನ ಕಡದು, ಕುದಿಸಿ ತಗದದ್ದು ಇದು."

"ಗಾಯದ ಕೀವು ಅನ್ನು ಹಂಗಾರ! ಅದನ್ನ ಮೈಗೆ ಬಡಕೊಂಡು ಮೆರೀತಾನೇನು?"

"ಹಚ್ಚಿಕೊಳ್ಳೋ ರೀತಿ ಅಂತ ಇರತದ. ಹನಿ ಹಚ್ಚಿದ್ರ ಇದು ಮೊದಲ ಬೈತದ, ಆಮ್ಯಾಲ ಮಾತಾಡ್ತದ, ಕಡೀಕ ಮುದ್ದು ಮಾಡ್ತದ. ಒಂದು ದಿನ ಪೂರಾ ಬೇಕು ಅದಕ್ಕ. ಗಡಿಬಿಡಿ ಮಂದಿಗೆ ಅಲ್ಲ ಇದು. ಮತ್ತ ಒಂದು ನೆಪ್ಪಿಡು, ಊದು ಒಗದ್ರ ಸಾಯಂಗಿಲ್ಲ. ತಂಪಾದ್ರ ಮಲಗತದ, ಕಾವು ಹತ್ತಿದ್ರ ಏಳತದ."

ಹೀಗೆಂದು ಬಾಷಾಬಿ ಪೆಟ್ಟಿಗೆಯ ತಳದಿಂದ ಒಂದು ಹಳೇ ಟೊಪ್ಪಿಗೆ ತೆಗೆದು ಕೊಟ್ಟಳು. ಅವಳ ಗಂಡನದು. ಸತ್ತು ವರ್ಷಗಳಾಗಿದ್ದವು. ಪಕ್ಕೀರವ್ವ ಅನುಮಾನದಿಂದಲೇ ಮೂಸಿದಳು. ಹಳೇ ಗುಡಿಯ ಬಾಗಿಲು ಬಿಸಿಲಿಗೆ ಕಾಯ್ದಾಗ ಬರುವಂಥ ಮರದ ವಾಸನೆ, ಅದರೊಳಗೆ ಒಂದಿಷ್ಟು ಹೊಗೆ, ಒಂದಿಷ್ಟು ಜೇನು. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲು ಆಕೆಗೆ ಸಿಟ್ಟು ಬಂತು. ಟೊಪ್ಪಿಗೆ ಹಿಂದಕ್ಕೆ ಕೊಟ್ಟು, "ನಿನ್ನ ಗಂಡ ಮನಷಾ ಛಲೋ ಇದ್ದ, ಅದಕ್ಕ" ಎಂದಳು.

ಪಕ್ಕೀರವ್ವನಿಗೆ ಒಬ್ಬಳೇ ಮಗಳು, ದುರಗಮ್ಮ. ತಂದೆ ತೀರಿಕೊಂಡ ಮೇಲೆ ಮದುವೆಯ ಮಾತು ಹಿಂದೆ ಬಿದ್ದು ಹುಡುಗಿಗೆ ಇಪ್ಪತ್ತು ತುಂಬಿತ್ತು. ಆ ಕಾಲಕ್ಕೆ ಅದು ದೊಡ್ಡ ವಯಸ್ಸು. ನೆಂಟರಿಷ್ಟರು ಬಂದಾಗಲೆಲ್ಲ ಆಕೆಯನ್ನು ನೋಡಿ ಲೊಚಗುಟ್ಟಿ ಹೋಗುತ್ತಿದ್ದರು. ತಾಯಿ ಹಳ್ಳದಲ್ಲಿ ಒಗೆದರೆ ಮಗಳು ಒಣಗಿಸಿ, ಮಡಚಿ, ಮನೆಮನೆಗೆ ಮುಟ್ಟಿಸುವಳು. ತಾಯಿಯ ಹಿಮ್ಮಡಿ ನೀರಿನಲ್ಲಿ ನಿಂತು ನಿಂತು ಬಿರುಕು ಬಿಟ್ಟಿದ್ದರಿಂದ ಊರ ಆಚೆ ತುದಿಯಲ್ಲಿದ್ದ ಗುತ್ತೇದಾರನ ಬಂಗಲೆಗೂ ಅವಳೇ ಹೋಗಬೇಕಾಗಿತ್ತು.

ಒಂದು ಬೆಳಿಗ್ಗೆ ದುರಗಮ್ಮ ಗಂಟು ಎತ್ತದೆ ನಿಂತಳು.

"ಯವ್ವಾ, ಗುತ್ತೇದಾರ್ರ ಬಟ್ಟಿ ನೀನ ಒಯ್ದು ಕೊಡಬೇ. ನಾ ಒಲ್ಲೆ. ಆ ವಾಸನಿ ನನಗ ಆಗಂಗಿಲ್ಲ."

ಪಕ್ಕೀರವ್ವನಿಗೆ ನಗು ಬಂತು. ನಗುವಿನಲ್ಲಿ ಹೆಮ್ಮೆಯೂ ಇತ್ತು. "ನನ್ನ ಮೂಗ ಹುಟ್ಟೈತಿ ನೋಡು ನಿನಗ! ಮೂಗು ಹಿಡಕೊಂಡು ಹೋಗಿ ಇಟ್ಟು ಬಾ. ವಾಸನಿ ಏನು ಕಡೀತೈತಾ?"

ದುರಗಮ್ಮ ತಾಯಿಯ ಮುಖವನ್ನೇ ನೋಡಿದಳು. ಗಂಟು ತಲೆಗೇರಿಸಿಕೊಂಡು ಹೋದಳು.

ಕೆಲ ದಿನಗಳ ಮೇಲೆ ಹಳ್ಳದ ದಂಡೆಯಲ್ಲಿ ಮಗಳು ಬಲಗೈಯ ಹಿಂಬದಿಗೆ ಸವಳು ಮಣ್ಣು ಹಾಕಿ ತಿಕ್ಕುತ್ತಿದ್ದುದನ್ನು ಪಕ್ಕೀರವ್ವ ಕಂಡಳು. ಚರ್ಮ ಕೆಂಪಾಗಿ, ಅಲ್ಲಲ್ಲಿ ಕಿತ್ತು ಬಂದಿತ್ತು. ಏನು ಹತ್ತಿದೆ ಎಂದು ಕೇಳಿದರೆ, ಗುತ್ತೇದಾರರ ಅತ್ತರಿನ ಬುಡ್ಡಿ ಉರುಳಿತ್ತು ಎಂದಳು. ಬುಡ್ಡಿ ಇವಳ ಕೈಮೇಲೆಯೇ ಹೇಗೆ ಉರುಳಿತು ಎಂದು ಕೇಳಬೇಕೆಂದು ತಾಯಿಗೆ ತೋಚಲಿಲ್ಲ. ಮತ್ತೊಂದು ಸಂಜೆ ಮಗಳು ಗಂಟಿನ ಬಟ್ಟೆಯನ್ನೂ ಬಿಟ್ಟು, ಏದುಸಿರು ಬಿಡುತ್ತ ಓಡಿ ಬಂದಳು. ನಾಯಿ ಬೆನ್ನು ಹತ್ತಿತ್ತು ಎಂದಳು. ರಾತ್ರಿ ಊಟ ಮಾಡಲಿಲ್ಲ. ಬಾಯಿ ಮುಕ್ಕಳಿಸಿದ್ದೇ ಮುಕ್ಕಳಿಸಿದ್ದು. ಮರುದಿನದಿಂದ ಬಂಗಲೆಗೆ ಹೋಗಲು ಖಡಾಖಂಡಿತ ಒಲ್ಲೆನೆಂದಳು. ಪಕ್ಕೀರವ್ವ ಬಾಯಿಗೆ ಬಂದಂತೆ ಬೈದು, ಬಿರುಕು ಬಿಟ್ಟ ಹಿಮ್ಮಡಿಯನ್ನು ಎಳೆದುಕೊಂಡು ತಾನೇ ಹೋಗತೊಡಗಿದಳು.

ಅಷ್ಟರಲ್ಲಿ ಕುಷ್ಟಗಿಯಿಂದ ಒಂದು ನಂಟು ಕೂಡಿ ಬಂತು. ಹುಡುಗ ಗಿಡ್ಡಪ್ಪ. ಹೆಸರಿಗಷ್ಟೇ ಗಿಡ್ಡ, ಆಳು ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಕೆಲಸದಲ್ಲಿ ಗಟ್ಟಿ, ಮಾತಿನಲ್ಲಿ ನಾಚಿಕೆ. ಹೆಣ್ಣು ನೋಡಲು ಬಂದಾಗ ದುರಗಮ್ಮನ ಒರಟು ಕೈ ನೋಡಿ, "ಸವಳು ಭಾಳ ಖಾರ ಐತೇನು ನಿಮ್ಮೂರಾಗ?" ಎಂದಷ್ಟೇ ಕೇಳಿದ್ದ. ಅವಳು ತಿಂಗಳುಗಳ ಮೇಲೆ ಅಂದು ನಕ್ಕಿದ್ದಳು. ಅವನ ಅಪ್ಪ ಹುಚ್ಚೀರಪ್ಪ ನಾಲ್ಕು ತಾಲ್ಲೂಕಿನ ಅಗಸರಲ್ಲಿ ಹಿರಿಯ, ಅವನ ಮಾತು ನಡೆಯುತ್ತಿತ್ತು. ಅವನು ಒಪ್ಪಿದ. ಒಪ್ಪದವಳು ಗಂಡಿನ ಸೋದರತ್ತೆ. "ಇಪ್ಪತ್ತು ವರ್ಷದ ತನಕ ಯಾಕ ಇಟಗೊಂಡಿದ್ರಿ? ಏನಾರ ಐಬು ಐತೇನು?" ಎಂದು ಎಲ್ಲರೆದುರು ಕೇಳಿ ಹೋದಳು. ಈ ಮದುವೆ ಮುರಿದರೆ ಮಗಳಿಗೆ ಇನ್ನೊಂದು ಬರುವುದಿಲ್ಲವೆಂದು ಪಕ್ಕೀರವ್ವನಿಗೆ ಗೊತ್ತಿತ್ತು. ಆ ಸೋದರತ್ತೆಯ ಬಾಯಿ ಮುಚ್ಚಿಸುವಂಥ ಮದುವೆ ಮಾಡಬೇಕೆಂಬ ಛಲ ಹುಟ್ಟಿತು.

ಆಗ ಎರಡನೇ ಮಹಾಯುದ್ಧದ ಲಡಾಯಿ ನಡೆದಿತ್ತು. ಬಟ್ಟೆಗೆ ಕಂಟ್ರೋಲು ಬಂದು ಹೊಸ ಧೋತರ ಕಾಣುವುದೇ ಅಪರೂಪವಾಗಿತ್ತು. ಆದರೆ ಅಗಸರ ಮದುವೆಗೆ ಬಟ್ಟೆಯ ಕೊರತೆ ಎಂದಾದರೂ ಆಗಿದ್ದುಂಟೆ? ಮದುವೆಯ ವಾರ ಊರಿನ ಒಳ್ಳೊಳ್ಳೆಯ ಸೀರೆ, ಪಟಗ, ಅಂಗಿಗಳೆಲ್ಲ ಒಗೆತಕ್ಕೆ ಬಂದು, ಇನ್ನೂ ಒಣಗಿಲ್ಲವೆಂಬ ನೆಪದಲ್ಲಿ ಅಗಸರ ಮೈಮೇಲಿರುತ್ತಿದ್ದವು. ಇದು ಊರಿಗೆಲ್ಲ ಗೊತ್ತು. ಹಂದರದಲ್ಲಿ ತನ್ನ ಅಂಗಿ ಇನ್ನೊಬ್ಬನ ಮೈಮೇಲೆ ಕಂಡವನು ಕಾಣದವನಂತೆ ಊಟ ಮುಗಿಸಿ ಬರಬೇಕು, ಅದು ಊರಿನ ಮರ್ಯಾದೆ. ಗಿಡ್ಡಪ್ಪನ ಅಗಲ ಹೆಗಲಿಗೆ ಕೂರುವ ಬಟ್ಟೆ ಊರಲ್ಲಿ ಒಂದೇ ಇತ್ತು, ಗುತ್ತೇದಾರನ ಕೆನೆಬಣ್ಣದ ಹತ್ತಿ ಶೇರವಾನಿ. ಗುತ್ತೇದಾರ ಹರಾಜಿಗೆಂದು ಹೈದರಾಬಾದಿಗೆ ಹೋಗಿದ್ದ. ಅಳಿಯ ಶೇರವಾನಿಯಲ್ಲಿ ಇಳಿದರೆ ಸೋದರತ್ತೆಯ ಮೋರೆ ಹೇಗಾಗಬೇಡ?

ಪಕ್ಕೀರವ್ವ ಅದನ್ನು ಮತ್ತೆ ಮತ್ತೆ ಉಬ್ಬೆಗೆ ಹಾಕಿದಳು. ಕಲ್ಲಿಗೆ ಬಡಿದಳು. ಮಗಳ ಕಣ್ಣಿಗೆ ಬೀಳದಂತೆ ಹಿತ್ತಲ ಬೇವಿನ ಗಾಳಿಗೆ ಹರವಿದಳು. ಕಡೆಗೆ ಕೊರಳು, ಕಂಕುಳು, ಒಳಮಡಿಕೆಗಳಿಗೆ ಮೂಗಿಟ್ಟು ನೋಡಿದಳು. ಬಿಸಿಲಿನ ವಾಸನೆ ಬಿಟ್ಟರೆ ಏನೂ ಇಲ್ಲ. ಕಾವು ತಾಕಿದರೆ ಮತ್ತೆ ಎದ್ದೀತೆಂದು ಇಸ್ತ್ರಿಯನ್ನೂ ಹಾಕದೆ, ಹಾಸಿಗೆಯ ಕೆಳಗೆ ಒತ್ತಿಟ್ಟು ಮಡಿಕೆ ಕೂರಿಸಿದಳು. "ಸತ್ತಿತು ಮುಂಡೇದು" ಎಂದು ತನ್ನೊಳಗೆ ಬೀಗಿದಳು.

ಮದುವೆ ವೈಶಾಖದ ಸುಡುಬಿಸಿಲಿನಲ್ಲಿ. ಗಿಡ್ಡಪ್ಪ ಶೇರವಾನಿ ತೊಟ್ಟು, ಬಾಸಿಂಗ ಕಟ್ಟಿಕೊಂಡು, ಹಲಗೆ ಬಾರಿಸುವವರ ಹಿಂದೆ ಊರೆಲ್ಲ ಸುತ್ತಿ ಬಂದ. ಹಂದರದ ಕಂಬದ ಹತ್ತಿರ ಆರತಿ ಹಿಡಿದು ನಿಂತ ಪಕ್ಕೀರವ್ವನ ಮೂಗಿಗೆ ಅವನಿಗಿಂತ ಮೊದಲು ಅತ್ತರು ಬಂದು ಮುಟ್ಟಿತು. ಉಬ್ಬೆಯ ಕಾವು ಅವಳಿಗೆ ಗೊತ್ತಿತ್ತು, ಇಸ್ತ್ರಿಯ ಕಾವೂ ಗೊತ್ತಿತ್ತು. ಬಿಸಿಲಲ್ಲಿ ಬೆವರಿದ ಆಳಿನ ಮೈಗೂ ಕಾವಿದೆ ಎಂಬುದನ್ನು ಮರೆತಿದ್ದಳು.

ಮಂದಿಗೆ ಮಾತ್ರ ಹಬ್ಬವಾಯಿತು. "ಮದಿಮಗ ಏನ್ ಘಮ್ ಅಂತಾನವ್ವಾ! ನವಾಬ ಬಂದಂಗಾತು" ಎಂದು ಹೆಂಗಸರು ಮೇಲೆ ಬಿದ್ದು ಮೂಸಿದರು. ಗಂಡಸರು ದೇವರನ್ನು ಕಂಡವರಂತೆ ಅರ್ಧ ಕಣ್ಣು ಮುಚ್ಚಿದರು. ಸೋದರತ್ತೆ ಕೂಡ ಒಂದು ಗಳಿಗೆ ಕೊಂಕು ಮರೆತು ಉಸಿರೆಳೆದುಕೊಂಡಳು. ಗಿಡ್ಡಪ್ಪ ನಾಚಿ ಇನ್ನಷ್ಟು ಬೆವರಿದ. ಅತ್ತರು ಇನ್ನಷ್ಟು ಎದ್ದಿತು. ಪಕ್ಕೀರವ್ವ ಸೆರಗಿನಿಂದ ಬಾಯಿ ಒತ್ತಿಕೊಂಡು, ಇನ್ನೊಂದು ಗಳಿಗೆ, ಕೊರಳಿಗೆ ತಾಳಿ ಬಿದ್ದರೆ ಸಾಕು ಎಂದುಕೊಂಡಳು.

ಅಂತರಪಟ ಹಿಡಿದರು. ಆಚೆ ಗಂಡು, ಈಚೆ ಹೆಣ್ಣು. ತಲೆ ತಗ್ಗಿಸಿ ನಿಂತಿದ್ದ ದುರಗಮ್ಮನ ಕೈಯಲ್ಲಿ ಜೀರಿಗೆ ಬೆಲ್ಲವಿತ್ತು. ಪಟದ ಆಚೆಯಿಂದ ವಾಸನೆ ಬಂದ ಕೂಡಲೇ ಅವಳ ಕೈಯಿಂದ ಜೀರಿಗೆ ಬೆಲ್ಲ ಉದುರಿತು. ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಹಂದರದ ಕಂಬ ಹಿಡಿದು ಬಾಗಿ, ಎಲ್ಲರೆದುರು ವಾಂತಿ ಮಾಡಿಕೊಂಡಳು.

ಹಲಗೆ ನಿಂತಿತು. ಸೋದರತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡಳು.

"ಎಷ್ಟ ತಿಂಗಳವ್ವಾ?"

"ಇಪ್ಪತ್ತು ವರ್ಷ ಯಾಕ ಇಟಗೊಂಡಿದ್ರು ಅಂತ ಕೇಳಿದ್ದೆ. ಈಗ ತಿಳೀತು. ಏಳ್ರಿ, ಗಾಡಿ ಹೂಡ್ರಿ" ಎಂದು ಆಕೆ ನಾಲಿಗೆ ಹರಿಬಿಟ್ಟಳು. ಹುಚ್ಚೀರಪ್ಪ ಪಕ್ಕೀರವ್ವನ ಕಡೆ ತಿರುಗಿ, "ತಂಗಿ, ಏನಿದು? ಬಾಯಿ ಬಿಟ್ಟು ಮಾತಾಡು" ಎಂದ.

ಪಕ್ಕೀರವ್ವನಿಗೆ ಅವನ ಮಾತು ಕೇಳಿಸಲೇ ಇಲ್ಲ. ಅವಳು ಮಗಳನ್ನು ನೋಡುತ್ತಿದ್ದಳು. ದುರಗಮ್ಮ ಕುಸಿದು ಕೂತು ಬಲಗೈಯ ಹಿಂಬದಿಯನ್ನು ನೆಲಕ್ಕೆ ಹಾಕಿ ತಿಕ್ಕುತ್ತಿದ್ದಳು. ಅರಿಶಿನ ಹೋಗಿ, ಹಳೇ ಗಾಯದ ಕಲೆ ಕಾಣುತ್ತಿತ್ತು. ಬುಡ್ಡಿ ಉರುಳಿದ್ದು, ನಾಯಿ ಬೆನ್ನು ಹತ್ತಿದ್ದು, ಬಾಯಿ ಮುಕ್ಕಳಿಸಿದ್ದು, ಎಲ್ಲ ಒಮ್ಮೆಲೇ ಸಾಲಾಗಿ ಬಂದು ನಿಂತವು. ಊರವರ ಬಟ್ಟೆಯ ಕಲೆಗಳನ್ನೆಲ್ಲ ಬಲ್ಲೆನೆಂದು ಬೀಗಿದವಳು ಮನೆಯೊಳಗಿನ ಮಗಳ ಕೈಯನ್ನು ಓದಲಿಲ್ಲ. ಅಷ್ಟು ದಿನ ಅತ್ತರಿಗೆ ಪಟ್ಟ ಅಸಹ್ಯವೆಲ್ಲ ತಿರುಗಿ ಅವಳ ಮೇಲೆಯೇ ಬಂದು ಬಿತ್ತು. ತನ್ನ ಮೈಯೇ ನಾರುತ್ತಿದೆ ಅನ್ನಿಸಿತು.

ಅಂತರಪಟವನ್ನು ಕಿತ್ತೆಸೆದು ಅಳಿಯನ ಮುಂದೆ ನಿಂತಳು. "ಬಿಚ್ಚು" ಎಂದಳು. ಗಿಡ್ಡಪ್ಪ ತಬ್ಬಿಬ್ಬಾದ. ಅವಳೇ ಗುಂಡಿ ಕಿತ್ತು ಶೇರವಾನಿಯನ್ನು ಅವನ ಮೈಯಿಂದ ಎಳೆದು ಅಂಗಳಕ್ಕೆ ಒಗೆದಳು.

"ಇದು ಹೇಮಪ್ಪ ಗುತ್ತೇದಾರನ ಅಂಗಿ. ಈ ವಾಸನಿ ಅವಂದು. ನನ್ನ ಮಗಳು ಅವನ ಮನಿಗೆ ಬಟ್ಟಿ ಒಯ್ಯಾಕಿ. ಹೋಗಂಗಿಲ್ಲಬೇ ಅಂತ ಅಂದ್ಲು. ನಾ ಕಳಿಸೀನಿ. ನಕ್ಕೋತ ಕಳಿಸೀನಿ. ಯಾಕ ಅಂತ ಕೇಳಲಿಲ್ಲ."

ಸೋದರತ್ತೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ದುರಗಮ್ಮ ತಲೆ ಎತ್ತಿದಳು. ಧ್ವನಿ ಸಣ್ಣದಾಗಿತ್ತು, ಆದರೆ ನಡುಗುತ್ತಿರಲಿಲ್ಲ.

"ಬಟ್ಟಿ ಇಡಾಕ ಹ್ವಾದಾಗೆಲ್ಲ ಕೈ ಹಿಡದು ಅತ್ತರ ಹಚ್ಚತಿದ್ದ. ಬಿಡಿಸಿಕೊಂಡು ಬರತಿದ್ದೆ. ಕಡೀ ದಿನ ಬಾಗಲಾ ಹಾಕಿದ. ಅವನ ಕೈ ಕಚ್ಚಿ, ಕಿಡಕ್ಯಾಗಿಂದ ಹಾರಿ ಬಂದೀನಿ. ಅವನ ಕೈತುಂಬ ಅತ್ತರ ಇತ್ತು. ಆ ಕಹಿ ಇನ್ನೂ ನನ್ನ ಬಾಯಾಗ ಐತಿ. ಅದಕ್ಕ ವಾಂತಿ ಆತು. ಮತ್ತೇನಿಲ್ಲ. ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ."

ಗಿಡ್ಡಪ್ಪ ಹರಿದ ಬನಿಯನ್ನಿನಲ್ಲಿ ನಿಂತಿದ್ದ. ಅಂಗಳ ದಾಟಿ ಹೋದ. ಗಾಡಿ ಹೂಡಲು ಹೋದನೆಂದೇ ಎಲ್ಲರೂ ತಿಳಿದರು. ಅವನು ಹೋದದ್ದು ನೀರಿನ ಬಾನಿಯ ಹತ್ತಿರ. ಬಾಸಿಂಗ ಬಿಚ್ಚಿ ಕಟ್ಟೆಯ ಮೇಲಿಟ್ಟು, ಬನಿಯನ್ ತೆಗೆದು ಬಿಸಾಡಿ, ತಂಬಿಗೆಯ ಮೇಲೆ ತಂಬಿಗೆ ನೀರು ಸುರಿದುಕೊಂಡ. ಕೊರಳು, ತೋಳು, ಎದೆಯನ್ನು ಕತ್ತಾಳೆ ನಾರಿನಿಂದ ಕೆಂಪಗಾಗುವಂತೆ ತಿಕ್ಕಿಕೊಂಡ. ಮದುವೆಗೆ ಬಂದ ಮಂದಿ ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ಹಾಗೆಯೇ ನೀರು ಸುರಿಸುತ್ತ ಬಂದು ದುರಗಮ್ಮನಿಂದ ಒಂದು ಮಾರು ದೂರ ಕೂತ.

"ಮೂಸಿ ನೋಡು. ಆಗಂಗಿಲ್ಲ ಅನಿಸಿದ್ರ ಹೇಳಿಬಿಡು. ನಾ ಸಿಟ್ಟ ಮಾಡಂಗಿಲ್ಲ, ಹಂಗ ಊರಿಗೆ ಹೊಕ್ಕೀನಿ."

ದುರಗಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮೆಲ್ಲಗೆ ಮುಂದೆ ಸರಿದು ಅವನ ತೋಳಿನ ಹತ್ತಿರ ಮುಖ ತಂದಳು. "ನೀರಿನ ವಾಸನಿ ಬರತೈತಿ" ಎಂದಳು. ಹುಚ್ಚೀರಪ್ಪ ತನ್ನ ಹೆಗಲ ಮೇಲಿನ ವಸ್ತ್ರವನ್ನೇ ಅಂತರಪಟಕ್ಕೆ ಕೊಟ್ಟು, ಹಲಗೆಯವರಿಗೆ ಕಣ್ಸನ್ನೆ ಮಾಡಿದ. ತಾಳಿ ಬಿತ್ತು. ಸೋದರತ್ತೆ ಮುನಿಸಿಕೊಂಡು ಗಾಡಿಯಲ್ಲಿ ಹೋಗಿ ಕೂತಳು. ಆದರೆ ಹೋಳಿಗೆ ಬಡಿಸಿದ್ದು ತಿಳಿದ ಮೇಲೆ ಇಳಿದು ಬಂದಳು.

ಊಟದ ಮೇಲೆ ಹುಚ್ಚೀರಪ್ಪ ಹಿರಿಯರನ್ನು ಕೂಡಿಸಿಕೊಂಡು ಮಾತಾಡಿದ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕು ಕಡೆಯ ಯಾವ ಅಗಸನೂ ಹೇಮಪ್ಪನ ಬಟ್ಟೆ ಮುಟ್ಟಕೂಡದು. ಗಲಾಟೆ ಇಲ್ಲ, ಫಿರ್ಯಾದಿ ಇಲ್ಲ, ಮುಟ್ಟುವುದಿಲ್ಲ, ಅಷ್ಟೇ. ಶೇರವಾನಿಯನ್ನು ಒಗೆಯದೆ, ಗಿಡ್ಡಪ್ಪನ ಬೆವರಿನ ಸಮೇತ ಗಂಟು ಕಟ್ಟಿ, ಪಕ್ಕೀರವ್ವ ಬಂಗಲೆಯ ಕಟ್ಟೆಯ ಮೇಲೆ ಇಟ್ಟು ಬಂದಳು.

ಹೇಮಪ್ಪ ಹೈದರಾಬಾದಿನಿಂದ ಬಂದವನು ಮೊದಲು ಕಣ್ಣು ಕೆಂಪಗೆ ಮಾಡಿದ. ಮನೆ ಬಿಡಿಸುತ್ತೇನೆ, ಊರು ಬಿಡಿಸುತ್ತೇನೆ ಎಂದು ಆಳಿನ ಕೈಲಿ ಹೇಳಿಕಳಿಸಿದ. ಆದರೆ ಯಾಕೆಂದು ಕೇಳಿದರೆ ಏನೆಂದು ಹೇಳಬೇಕು? ಅಂಗೈಯ ಹಲ್ಲಿನ ಗುರುತನ್ನು ಯಾರಿಗೆ ತೋರಿಸಬೇಕು? ಸಿಂದಿ ಪೀಪಾಯಿ ತೊಳೆಯುವ ಆಳು ಎರಡು ಶೇರವಾನಿಗಳನ್ನು ತಿಕ್ಕಿ ಚಿಂದಿ ಮಾಡಿದ. ಹೊರಗಿನ ಅಗಸರನ್ನು ಕರೆಸಿದರೆ ಅವರು ಹೆಸರು ಕೇಳಿ ಅರ್ಧ ದಾರಿಯಿಂದ ತಿರುಗಿ ಹೋದರು. ಉಳಿದದ್ದು ಅವನಿಗೆ ಗೊತ್ತಿದ್ದ ಒಂದೇ ದಾರಿ. ಹೊಲಸಾದಷ್ಟೂ ಹೆಚ್ಚು ಹೆಚ್ಚು ಅತ್ತರು ಸುರಿದುಕೊಂಡ.

ಮಳೆಗಾಲ ಹಿಡಿಯುವ ಹೊತ್ತಿಗೆ ಅವನು ಬಜಾರಕ್ಕೆ ಇಳಿದರೆ ನಾಯಿಗಳು ಎದ್ದು ಹೋಗುತ್ತಿದ್ದವು. ಒಗೆಯದ ಬಟ್ಟೆಯ ಮುಗ್ಗಲು, ಬೆವರಿನ ಪದರ, ಹುಳಿಸಿಂದಿ, ಅದರ ಮೇಲೆ ಕೊಳೆತ ಮರದ ಆ ಅಂಟುಸಿಹಿ. ಉಸಿರೆಳೆಯುತ್ತಿದ್ದ ಅಂಗಡಿಯವರೇ ಈಗ ಪಟಗದ ಚುಂಗು ಮೂಗಿಗೆ ಒತ್ತಿಕೊಂಡು ತಕ್ಕಡಿಯ ಹಿಂದೆ ಬಾಗಿದರು. ಕಿರಾಣಿಯವನ ಹೆಂಡತಿ ಅಂಗಡಿಯ ಬಾಗಿಲನ್ನೇ ಎಳೆದುಕೊಂಡಳು. ಬಾಷಾಬಿಗೆ ಮಾತ್ರ ಬೇರೆಯೇ ಸಂಕಟ. "ಅವನು ಹಾಳಾಗಿ ಹೋಗಲಿ, ನನಗ ಊದಿಂದು ಹೊಟ್ಟಿ ಉರೀತದ. ಎಂಥಾ ಅತ್ತರಿನ ಮರ್ಯಾದಿ ತಗದ ನೋಡು" ಎಂದು ಕಣ್ಣೊರೆಸಿಕೊಂಡಳು.

ಪಂಚಮಿಗೆ ದುರಗಮ್ಮ ತವರಿಗೆ ಬಂದಳು. ಗಿಡ್ಡಪ್ಪನೂ ಜೊತೆಗೆ ಬಂದಿದ್ದ. ತಾಯಿ ಶೇಂಗಾ ಉಂಡಿ, ತಂಬಿಟ್ಟು ಮಾಡಿ ಬಾಯಿತುಂಬ ತುರುಕಿದಳು. ಕೈಯಿಂದ ಕೊಡುತ್ತಿದ್ದಳು, ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಕೇಳಬೇಕಾದದ್ದನ್ನು ಕೇಳದೆ ಬಿಟ್ಟವಳಿಗೆ ಈಗ ಹೇಳಬೇಕಾದದ್ದೂ ಹೇಳಲಾಗುತ್ತಿರಲಿಲ್ಲ.

ಅಂದು ಹೊತ್ತು ಇಳಿಯುವಾಗ ಅಂಗಳದಿಂದ ಆ ವಾಸನೆ ಒಳಗೆ ಬಂತು. ಹೇಮಪ್ಪ ಗುತ್ತೇದಾರ ತಾನೇ ಬಗಲಲ್ಲಿ ಗಂಟು ಹಿಡಿದು ನಿಂತಿದ್ದ. ಖಾನದಾನಿ ಗತ್ತು ಇಳಿದುಹೋಗಿ ಮೋರೆ ಬಾಡಿತ್ತು. "ಪಕ್ಕೀರವ್ವಾ, ಆದದ್ದು ಆತು. ಹರಾಜಿಗೆ ಹೋಗಬೇಕು. ಈ ವೇಷದಾಗ ಹ್ಯಾಂಗ ಹೋಗ್ಲಿ? ಇದೊಂದು ಸಲ ಒಗದು ಕೊಡು" ಎಂದ.

ಪಕ್ಕೀರವ್ವ ಎದ್ದಳು. ಗಿಡ್ಡಪ್ಪನೂ ತೋಳೇರಿಸಿ ಎದ್ದ. ದುರಗಮ್ಮ ಇಬ್ಬರನ್ನೂ ಕೈಯಿಂದ ತಡೆದು ತಾನು ಹೊರಗೆ ಹೋದಳು. ಮೂಗು ಮುಚ್ಚಿಕೊಳ್ಳಲಿಲ್ಲ. ಅವನ ಎದುರಿಗೆ, ಆ ವಾಸನೆಯ ನಟ್ಟನಡುವೆ ನೆಟ್ಟಗೆ ನಿಂತಳು.

"ನಿನ್ನ ಬಟ್ಟಿ ನೀನ ಒಗಕೋ."

ಊರಲ್ಲಿ ಅವನನ್ನು ಏಕವಚನದಲ್ಲಿ ಯಾರೂ ಮಾತಾಡಿಸಿರಲಿಲ್ಲ. ಅವನು ಗಂಟನ್ನು ಮತ್ತೆ ಬಗಲಿಗೆ ಒತ್ತಿಕೊಂಡು ಹೋದ. ಅವನು ಓಣಿ ತಿರುಗುವವರೆಗೂ ದುರಗಮ್ಮ ಅಲ್ಲೇ ನಿಂತಿದ್ದಳು. ಒಳಗೆ ಬಂದು ತಾಯಿಯ ಪಕ್ಕ ಕೂತಳು. ಪಕ್ಕೀರವ್ವ ಮಗಳ ಬಲಗೈ ಹಿಡಿದುಕೊಂಡು ಅಳತೊಡಗಿದಳು. "ಅವತ್ತು ಎಲ್ಲಾರ ಮುಂದ ಹೇಳಿದೆನಲ್ಲ ಮಗಳ, ನನ್ನ ತಪ್ಪು ಅಂತ..." ಎಂದಳು.

ದುರಗಮ್ಮ ಕೈ ಬಿಡಿಸಿಕೊಳ್ಳಲಿಲ್ಲ.

"ಹೇಳಿದಿ ಯವ್ವಾ. ಎಲ್ಲಾರ ಮುಂದ ಹೇಳಿದಿ. ಇವತ್ತಿನ ತನಕ ನನ್ನ ಮುಂದ ಹೇಳಿಲ್ಲ."